ಚೀಲದ ಬೆವರು ಆರುವ ತನಕ

ಜೂನ್ 10, ಸೋಮವಾರ

ಬೆಳಿಗ್ಗೆ ಬಂದು ಫ್ರೀಜರಿನಿಂದ ಅಂಟಿನ ರೋಲ್ ಹೊರಗಿಟ್ಟಾಯಿತು. ಅದನ್ನು ಸುತ್ತಿದ ಪ್ಲಾಸ್ಟಿಕ್ ಚೀಲ ಬೆವರಿ, ಬೆವರು ಆರುವವರೆಗೆ ಬಿಚ್ಚುವ ಹಾಗಿಲ್ಲ. ಬಿಚ್ಚಿದರೆ ಈ ಬೈಕಂಪಾಡಿ ಗಾಳಿಯ ನೀರೆಲ್ಲ ಅಂಟಿಗೆ. ಆಮೇಲೆ ಓವನಿನಲ್ಲಿ ಎಷ್ಟು ಬೇಯಿಸಿದರೂ ಅಷ್ಟೇ, ಪ್ಯಾನೆಲಿನ ನಡುವಿನ ಜೇನುಗೂಡಿನಂಥ ಹಾಳೆಗೆ ತಗಡು ಹಿಡಿಯುವುದಿಲ್ಲ.

ಹಾಗಾಗಿ ಕಾಯುವುದು. ಅಂಟು ಹಾಸುವ ಜಸೀಲಾ, ಓವನ್ ನೋಡುವ ನಾನು. ಇವತ್ತು ಅವಳು ಪತ್ತಿರ್ ರೊಟ್ಟಿ ತಂದಿದ್ದಳು. ಗಂಡ ಶಫೀಕನ ಗೊರಕೆಯ ಕಥೆ. ನಕ್ಕು ನಕ್ಕು ಸಾಕಾಯಿತು. ನನ್ನ ಉರ್ವದ ರೂಮಿನಲ್ಲಿ ಮಿಕ್ಸಿ ಬಿಟ್ಟರೆ ಸದ್ದು ಮಾಡುವವರು ಯಾರುಂಟು...

ಜೂನ್ 13, ಗುರುವಾರ

ಜಸೀಲಾ ಬಂದವಳೇ ಗಡಿಬಿಡಿ. ನಾದಿನಿಯನ್ನು ನೋಡಲು ಸಂಜೆ ಗಂಡಿನ ಕಡೆಯವರು ಬರುತ್ತಾರಂತೆ. ನಾನು ಚಹಾ ತರುವಷ್ಟರಲ್ಲಿ ಚೀಲ ಬಿಚ್ಚಿ, ಅಂಟು ಹಾಸಿ, ಪ್ಯಾನೆಲ್ ಜೋಡಿಸಿಯೂ ಆಗಿತ್ತು.

"ಆರಿತ್ತಾ ಮಾರಾಯ್ತಿ?"

"ಆರಿತ್ತು ಗುಲಾಬಿಯಕ್ಕ. ನೀವು ಬೇಗ ಓವನಿಗೆ ಹಾಕಿ."

ಹಾಕಿದೆ. ಎರಡು ಲೋಟ ಚಹಾವನ್ನೂ ನಾನೇ ಕುಡಿದೆ. ಬೇಜಾರಾಯಿತು. ಇಡೀ ದಿನದಲ್ಲಿ ನನಗೆ ಅದೊಂದೇ ಒಳ್ಳೆಯ ಹೊತ್ತು. ಅವಳಿಗೆ ಬರೀ ಕಾಯುವುದು.

ಜೂನ್ 15, ಶನಿವಾರ

ಟೆಸ್ಟಿನಲ್ಲಿ ತಗಡು ಹಪ್ಪಳದ ಹಾಗೆ ಎದ್ದು ಬಂತು. ಬೋಟಿನ ಕ್ಯಾಬಿನ್‌ಗೆ ಹೋಗಬೇಕಿದ್ದ ಪ್ಯಾನೆಲ್‌ಗಳೆಲ್ಲ ಗುಜರಿಗೆ. ಕ್ವಾಲಿಟಿಯ ಶರೊನ್ ಮೇಡಂ ಇಬ್ಬರನ್ನೂ ಕರೆದರು.

"ಚೀಲ ಬಿಚ್ಚಿದ್ದು ಯಾರು?"

ಜಸೀಲಾ ನೆಲ ನೋಡುತ್ತಿದ್ದಳು. ಇವಳನ್ನು ಕೆಲಸದಿಂದ ತೆಗೆದರೆ... ನನಗೆ ನಿಜಕ್ಕೂ ಹೆದರಿಕೆಯಾಯಿತು.

"ನಾನು" ಅಂದೆ.

"ಇಷ್ಟು ವರ್ಷ ಆಗಿ ನೀವೇ ಹೀಗೆ ಮಾಡುದಾ?"

ವಾರ್ನಿಂಗ್ ಸಿಕ್ಕಿತು. ಸಿಗಲಿ. ಸೋಮವಾರ ಅವಳು ಬರುತ್ತಾಳಲ್ಲ.

ಜೂನ್ 24, ಸೋಮವಾರ

ಬರುತ್ತಾಳೆ. ರೋಲ್ ಹೊರಗಿಟ್ಟು, ಬುತ್ತಿ ಹಿಡಿದು ಪ್ಯಾಕಿಂಗ್‌ನವರ ಹತ್ತಿರ ಹೋಗಿ ಕೂರುತ್ತಾಳೆ. ವಾರವಿಡೀ ಇದೇ. ಇವತ್ತು ತಡೆಯದೆ ಕೇಳಿದೆ.

"ನನ್ನ ಮೇಲೆ ಎಂತ ಕೋಪ ನಿನಗೆ?"

"ಕೋಪ ಅಲ್ಲ ಅಕ್ಕ. ನಾನೇ ಹೇಳ್ಲಿಕ್ಕೆ ಹೊರಟಿದ್ದೆ, ನೀವು ಬಿಡ್ಲಿಲ್ಲ. ಈಗ ನಿಮ್ಮ ಎದುರು ಕೂತ್ರೆ ನನಗೆ ಅನ್ನ ಇಳಿಯುದಿಲ್ಲ. ಯಾಕೆ ಹಾಗೆ ಹೇಳಿದ್ದು ನೀವು?"

ಉತ್ತರ ಬಾಯಿಯವರೆಗೆ ಬಂದಿತ್ತು. ಹೇಳಿದ್ದು ಮಾತ್ರ — "ಓವನ್ ನೋಡ್ಬೇಕು, ಬರ್ತೇನೆ."

ಓವನ್ ಖಾಲಿ. ಅದು ಅವಳಿಗೂ ಗೊತ್ತು.

ನಾಳೆ ಕರೆದು ಹೇಳಿಯೇಬಿಡಬೇಕು. ಜಸೀಲಾ, ನಿನ್ನ ಬಿಟ್ಟರೆ ನನಗೆ...