ಅಜ್ಜಿಯ ಕೈಲಾಸ

ನೊಣವಿನಕೆರೆ
೧೧-೧-೨೦೨೫

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಈ ಸಲವೂ ಜಮ್ಮು ಕಡೆಯ ಲೋಡು ಎಂದಿದ್ದೆ. ಲಾರಿಯಲ್ಲಿ ಮಲಗುವಾಗ ಕಿವಿಗೆ ಏನಾದರೂ ಸುತ್ತಿಕೋ. ಅಪ್ಪ ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಒಡೆಸುತ್ತಿದ್ದಾರೆ. ಅಜ್ಜಿ ಮಾತ್ರ ಮೇಲೇಳುವ ಹಾಗೆ ಕಾಣುವುದಿಲ್ಲ. ಫೋನಿನಲ್ಲಿ ಹೇಳಲು ಹೊರಟು ಎರಡು ಸಲ ಕಟ್ ಮಾಡಿದೆ. ಅದಕ್ಕೇ ಕಾಗದ ಬರೆದು, ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ಶಾಲೆ ಬಿಟ್ಟವಳ ಅಕ್ಷರ, ನಗಬೇಡ.

ದೇವರ ಮನೆಯ ಹಿಮದ ಬೆಟ್ಟದ ಫೋಟೊ ಈಗ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿದೆ. ಒಂದು ಕಡೆ ಕೂರಲಾರದ ನಾನೂ ಈ ವಾರವೆಲ್ಲ ಅದನ್ನೇ ನೋಡುತ್ತಾ ಕೂತಿದ್ದೆ. ಕಪ್ಪು ಬಿಳುಪು ಚಿತ್ರ ಇಷ್ಟು ಚೆಂದವೆಂದು ಗೊತ್ತಿರಲಿಲ್ಲ. ಹಿಮ ಹೊತ್ತು ಬಾಗಿದ ಮರಗಳು, ಅವುಗಳ ನಡುವೆ ಮೇಲಕ್ಕೆ ಹೋದ ಹೆಜ್ಜೆ ಗುರುತು. ನಡೆದವರು ಯಾರೂ ಕಾಣುವುದಿಲ್ಲ. ಬಿಳಿ ಇರುವ ಕಡೆ ಬರೀ ಕಾಗದ, ಆದರೂ ನೋಡಿದರೆ ಚಳಿಯಾಗುತ್ತದೆ. ದೆಹಲಿಯಲ್ಲಿ ಕೊಬ್ಬರಿ ಇಳಿಸಿ, ಮಂಡಿಯ ವ್ಯಾಪಾರಿಗಳ ಜೊತೆ ಶಿಮ್ಲಾ ನೋಡಲು ಹೋದಾಗ ತೆಗೆದದ್ದೆಂದು ತಾತನೇ ನಮಗೆ ಹೇಳಿದ್ದರಲ್ಲ. ಅಜ್ಜಿ ಅದನ್ನು ಕೈಲಾಸವೆಂದು ದೇವರ ಮನೆಗೆ ಸೇರಿಸಿದಾಗ ನಕ್ಕು ಸುಮ್ಮನಾದರಂತೆ. ಆಮೇಲೆ ಊರಲ್ಲಿ ಯಾರ ಉಸಿರು ಸಣ್ಣಗಾದರೂ ಫೋಟೊಗೆ ಕರೆ ಬರುತ್ತಿತ್ತು. ಅಜ್ಜಿ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅವರ ಹಣೆಗೆ ವಿಭೂತಿ ಹಚ್ಚಿ, “ನೋಡು, ಎಷ್ಟು ತಣ್ಣಗೈತೆ. ಹೆದರ್ಕಬ್ಯಾಡ, ಹೋಗು” ಅನ್ನುತ್ತಿದ್ದಳು. ಅಮ್ಮನ ಕೊನೆ ಗಳಿಗೆಯಲ್ಲೂ ಅದನ್ನೇ ತೋರಿಸಿದಳು.

ನಿನ್ನೆ ಸುನಂದಾ ಅತ್ತೆ ಅದನ್ನು ಅಜ್ಜಿಯ ಮುಂದೆ ಹಿಡಿದರು. ಅಜ್ಜಿ ಅವರ ಕೈ ಸರಿಸಿ ನನ್ನನ್ನು ಕರೆದಳು. “ಇವ್ರೆಲ್ಲ ನನ್ ಸಮಾಧಾನಕ್ಕೆ ಹೇಳ್ತಾರೆ. ನೀನು ಮೇಷ್ಟ್ರಿಗೇ ಹೆದರ್ದೋಳಲ್ಲ, ಸುಳ್ಳು ಹೇಳಾಕಿಲ್ಲ. ಇದು ಕೈಲಾಸ ತಾನೇ ಕಣೇ?” ಅಂದಳು.

“ಶಿಮ್ಲಾ ಕಣಜ್ಜಿ” ಅಂದೆ.

ಅತ್ತೆ ನನ್ನ ಬೆನ್ನಿಗೆ ಗುದ್ದಿದರು. ಅಜ್ಜಿ ಬೈಯಲಿಲ್ಲ. ಫೋಟೊ ಕಡೆ ನೋಡಿ, “ಹಂಗಾರೆ ನಿಮ್ಮವ್ವನ್ನ ನಾನು ಎಲ್ಲಿಗೆ ಕಳಿಸ್ದೆ?” ಅಂದಳು. ಗೋಡೆಗೆ ಮುಖ ಮಾಡಿದವಳು ಆಮೇಲೆ ನೀರಿಗೂ ಬಾಯಿ ತೆರೆದಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಅಪ್ಪ, ಅತ್ತೆ ನಿನ್ನನ್ನು ಕೇಳಿದ್ದಾರೆ. ಮಂಜಿನಲ್ಲಿ ಗಾಡಿ ನಿಧಾನ ಓಡಿಸು.

ನಿನ್ನ ತಂಗಿ,
ನಿಸರ್ಗ

ತಾ.ಕ.: ಓದಿದ ತಕ್ಷಣ ಫೋನ್ ಮಾಡು, ಅಜ್ಜಿಯ ಕಿವಿಗೆ ಹಿಡಿಯುತ್ತೇನೆ. ತಾತ ಹೋದ ಮೇಲೆ ಮನೆಯಲ್ಲಿ ಹಿಮ ಕಂಡವನು ನೀನೊಬ್ಬನೇ, ನೀನು ಹೇಳಿದರೆ ನಂಬುತ್ತಾಳೆ. “ಅದು ಕೈಲಾಸವೇ, ನಾನು ಕಣ್ಣಾರೆ ನೋಡಿದೆ, ನಿಸರ್ಗಳಿಗೆ ಏನೂ ಗೊತ್ತಿಲ್ಲ” ಅನ್ನು. ನಾನೇ ಹೇಳೋಣವೆಂದು ಬೆಳಗಿನಿಂದ ಅವಳ ಪಕ್ಕದಲ್ಲೇ ಕೂತಿದ್ದೇನೆ. ಬಾಯಿ ಬರುತ್ತಿಲ್ಲ.