ಎಡಗೈಯ ಬ್ರೇಕು

ತಮ್ಮಾ,

“ಸರಿ ಮಾಡಿಟ್ಟೆ ಅಣ್ಣ” ಅಂತ ಇನ್ನೊಂದು ಸಲ ಅಂದರೆ ಕಪಾಳಕ್ಕೆ ಬಿಗಿಯುತ್ತೇನೆ. ನನ್ನ ಗುಡ್ಡದ ಸೈಕಲ್ಲಿನ ಮುಂದಿನ ಬ್ರೇಕನ್ನು ಎಡಗೈಗೆ ತಂದುಕೊಂಡದ್ದು ಕೆಲಸ ಬಾರದೆ ಅಲ್ಲ. ಬಲಗೈಯ ಎರಡು ಬೆರಳಿಗೆ ಬಿಗಿಹಿಡಿಯುವ ಶಕ್ತಿ ಇಲ್ಲ. ನೀನು ನನಗೆ ಹೇಳದೆ ತಂತಿ ಅದಲುಬದಲು ಮಾಡಿ ಎಲ್ಲರ ಸೈಕಲ್ಲಿನ ಹಾಗೆ ಮಾಡಿದೆ. ನಿನ್ನೆ ಇಳಿಜಾರಿನಲ್ಲಿ ಎಡಗೈ ಒತ್ತಿದರೆ ಹಿಂದಿನ ಗಾಲಿ ಮಾತ್ರ ನಿಂತಿತು. ಹೋಗಿ ಕಲ್ಲುಗೋಡೆಗೆ ಬಡಿದೆ.

ಅದಕ್ಕೆ ನೀನು ಅಂದದ್ದೇನು? “ದಿನಾ ಆ ಬ್ರೇಕ್ ನೋಡಿದ್ರೆ ನಿನ್ನ ಬೆರಳು ಹಾಳು ಮಾಡಿದ್ದು ನಾನೇ ಅಂತ ಚುಚ್ಚುತ್ತೆ.” ಒಂಬತ್ತು ವರ್ಷದ ಹಿಂದೆ ನನ್ನ ಕೈ ಚೈನಿನೊಳಗೆ ಇದ್ದಾಗ ಪೆಡಲ್ ತಿರುಗಿಸಿದವನು ನೀನೇ, ನಿಜ. ಒಂದು ದಿನವಾದರೂ ಅದನ್ನು ಎತ್ತಿ ಆಡಿದ್ದೇನೆಯೇ? ಆ ಸೈಕಲ್ ಕಟ್ಟಿದ್ದು ಗುಡ್ಡ ಹತ್ತುವುದಕ್ಕೆ, ನಿನ್ನನ್ನು ಚುಚ್ಚುವುದಕ್ಕಲ್ಲ.

ರಿಪೇರಿಗೆ ಬಂದ ಟೀಚರಮ್ಮನ ಸೈಕಲ್ಲಿನ ಗಾಲಿಯ ಓಲಾಟ ತೆಗೆದಿದ್ದೇನೆ, ಸಂಜೆ ಕೊಡು. ನಮ್ಮ ಸೈಕಲ್ ಅಂಗಡಿಯ ಬೀಗದ ಕೈ ಮೊಳೆಗೆ ತಗಲಿಸಿದೆ. ಅನ್ನ ಮುಚ್ಚಿಟ್ಟಿದೆ, ಸಿಟ್ಟು ಮಾಡಿಕೊಂಡು ಹಸಿದು ಕೂರಬೇಡ.

ಬೆಳಿಗ್ಗೆ ಬ್ರೇಕನ್ನು ಮತ್ತೆ ಎಡಕ್ಕೆ ಹಾಕಿಕೊಂಡೆ. ನಾನು ಎದುರಿಗಿದ್ದರೆ ನೀನು ನನ್ನ ಕೈಯನ್ನೇ ನೋಡುತ್ತೀಯ, ಊಟಕ್ಕೆ ಕೂತಾಗಲೂ ಅಷ್ಟೇ. ಒಂಬತ್ತು ವರ್ಷ ಸಾಕು. ಅಂಗಡಿ ನೀನೇ ನಡೆಸು. ನನಗಿಂತ ನಿನಗೆ ಕೆಲಸ ಚೆನ್ನಾಗಿ ಬರುತ್ತದೆ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಸೈಕಲ್ ತೆಗೆದುಕೊಂಡು ಹೋಗುತ್ತಿದ್ದೇನೆ. ಹುಡುಕಿಕೊಂಡು ಬರಬೇಡ, ನಾನು ವಾಪಸ್ ಬರುವುದಿಲ್ಲ.

ಅಣ್ಣ