ನಾನೂರು ಸಲ ಕಿತ್ತ ಪ್ಲಗ್

ಹಫೀಜ್,

ನೀನು ದೂರಿದಂತೆ ನಿನ್ನ ತಾಯಿ ಮುನ್ನೀ ಬೀಯ ದನಿಯ ಕೊನೆಯ ರೆಕಾರ್ಡಿಂಗ್ ಅಳಿಸಿದವನು ನಾನಲ್ಲ ಎಂದು ಇವತ್ತು ಸಾಬೀತಾಯಿತು. ತಪ್ಪಿದ್ದದ್ದು ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಫೈಲುಗಳನ್ನು ಬರೆದಿಡುವ ಫೈಲ್ ಸಿಸ್ಟಮ್‌ನಲ್ಲಿ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಆ ಬಿಟ್ಟಿ ಸಾಫ್ಟ್‌ವೇರಿನಲ್ಲಿ. ಅದು ಫೈಲಿನ ಹೆಸರನ್ನು ಮೊದಲು ಬರೆದು, ಒಳಗಿನದನ್ನು ಆಮೇಲೆ ಬರೆಯುತ್ತಿತ್ತು. ನಡುವೆ ಕರೆಂಟು ಹೋದರೆ ಹೆಸರಷ್ಟೇ ಉಳಿಯುತ್ತಿತ್ತು.

ಅದನ್ನು ಕಟ್ಟಿದ ಪರದೇಶದವರು "ನಮ್ಮಲ್ಲಿ ಹಾಗಾಗುವುದಿಲ್ಲ" ಎಂದು ಬರೆದರು. ಅಲ್ಲಿ ಕರೆಂಟು ಹೋದರೆ ತಾನೇ! ನಾನು ನಾನೂರು ಸಲ ಪ್ಲಗ್ ಕಿತ್ತು ತೋರಿಸಿದೆ.

"ಮಷೀನ್ ಸುಟ್ಟೀರಿ, ಸಾಕ್ ಬಿಡ್ರಿ" ಎಂದಳು ನನ್ನ ಹೆಂಡತಿ ಚನ್ನಮಲ್ಲಮ್ಮ.

"ಸುಡ್ಲಿ ಬಿಡಲೇ, ಏಳನೇ ಕ್ಲಾಸ್ ಕಲತಾಂವ ಏನಂತ ಅವ್ರಿಗೂ ತಿಳೀಲಿ!" ಎಂದೆ ನಾನು.

ಕೊನೆಗೆ ಅವರು ಒಪ್ಪಿ ಸರಿಪಡಿಸಿದರು; ಈಗ ಅವರ ತಿದ್ದುಪಡಿಯ ಕೆಳಗೆ, ತಪ್ಪು ಹಿಡಿದವನೆಂದು ನನ್ನ ಹೆಸರು, "ಗಡಿಗೆಪ್ಪ, ದೇವದುರ್ಗ" ಎಂದಿದೆ.

ನೀನು ತೀರಿಕೊಂಡಾಗ ನಾನು ಮಾನ್ವಿಗೆ ಬರಲಿಲ್ಲ. ತಪ್ಪು ಮಾಡದವನು ಯಾಕೆ ತಲೆ ತಗ್ಗಿಸಿ ಬರಬೇಕು? ನಾಳೆ ತಲೆಯೆತ್ತಿ ಬರುತ್ತೇನೆ. ನಿನ್ನ ಗೋರಿ ಯಾವುದೆಂದು ಮಾತ್ರ ನಿನ್ನ ಮಗಳನ್ನು ಕೇಳಬೇಕು.